ನಾನೇ ಕಟ್ಟಿದೆನೆಂದ ವಿಮಾನ

ರೈಲ್ವೆ ಕಾರ್ಯಾಗಾರದಲ್ಲಿ ಬೋಗಿಗಳ ದುರಸ್ತಿ ನೋಡಿಕೊಂಡಿದ್ದು ನಿವೃತ್ತನಾದ ಮೇಲೆ ನನಗೆ ಸ್ವಂತದ್ದೊಂದು ಪುಟ್ಟ ವಿಮಾನ ಬೇಕೆನಿಸಿತು. ಹಾರುವುದನ್ನು ನಡುವಯಸ್ಸಿನಲ್ಲೇ ಕಲಿತಿದ್ದೆ. ಜೊತೆಗೆ ಕಲಿತ ಗೆಳೆಯರೊಬ್ಬರು, ಕಾರ್ಖಾನೆಯಲ್ಲಿ ತಯಾರಾಗಿ ಪ್ರಮಾಣಪತ್ರ ಪಡೆದ ಎರಡು ಸೀಟಿನ ವಿಮಾನವೊಂದು ಮಾರಾಟಕ್ಕಿದೆ, ಇಬ್ಬರೂ ಸೇರಿ ಕೊಳ್ಳೋಣ ಎಂದರು. ನಾನು ಒಪ್ಪಲಿಲ್ಲ. ಯಾರೋ ಮಾಡಿದ್ದನ್ನು ನಂಬಿ ಕೂರುವುದಕ್ಕಿಂತ ಬಿಡಿಭಾಗ ತರಿಸಿ ನಾನೇ ಕಟ್ಟುತ್ತೇನೆ, ಪ್ರತಿಯೊಂದು ಬೆಸುಗೆಯೂ ನನಗೆ ಗೊತ್ತಿರುತ್ತದೆ ಎಂದು ದೊಡ್ಡ ಮಾತಾಡಿದೆ.

"ಕಾರ್ಖಾನೇಲಿ ತಪ್ಪು ಮಾಡಿದೋನನ್ನ ಹಿಡಿಯೋಕೆ ಇನ್ನೊಬ್ಬ ಇರ್ತಾನೆ," ಎಂದರು ಅವರು. "ನಿಮ್ಮ ಶೆಡ್ಡಲ್ಲಿ ಯಾರಿರ್ತಾರೆ?"

ಚೆನ್ನೈನ ಶೋಳಿಂಗನಲ್ಲೂರಿನ ಹಿಂಭಾಗದಲ್ಲಿ ಶೆಡ್ಡು ಬಾಡಿಗೆಗೆ ಹಿಡಿದೆ. ಲೋಹದ ಕೆಲಸ ಕೈಗೆ ಹತ್ತಿದ್ದೇ. ಸೋತಿದ್ದು ರೆಕ್ಕೆಯಲ್ಲಿ. ಅದು ಫೈಬರ್ ಗ್ಲಾಸಿನದು. ಬಟ್ಟೆಯಂಥ ಹಾಳೆ ಹಾಸಿ, ಮೇಲೆ ರಾಳ ಸುರಿದು, ಗಾಳಿಗುಳ್ಳೆ ಉಳಿಯದಂತೆ ಒತ್ತಿ ಪದರದ ಮೇಲೆ ಪದರ ಕೂರಿಸಬೇಕು. ಎರಡು ಸಲ ಹಾಳು ಮಾಡಿದೆ. ಮೀನುಗಾರರ ದೋಣಿಗಳೂ ಈಗ ಫೈಬರಿನವೇ ಅಲ್ಲವೇ ಎಂದು ಹೊಳೆದು ಕಡಲ ದಂಡೆಯ ರಾಯಪುರಂಗೆ ಹೋದೆ. ಅಲ್ಲಿ ದೋಣಿ ಕಟ್ಟುವ, ನನಗಿಂತ ಹಿರಿಯರೊಬ್ಬರು ಸಿಕ್ಕರು.

ವಾರಕ್ಕೆ ಮೂರು ದಿನ ಅವರು ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮಾತು ಕಡಿಮೆ. ಬಂದವರೇ ಬಾಗಿಲಲ್ಲಿ ನಿಂತು ಗಾಳಿಯಲ್ಲಿ ತೇವ ಎಷ್ಟಿದೆ ಎಂದು ನೋಡುವರು. ಹೆಚ್ಚಿದ್ದರೆ ಪದರ ಸರಿಯಾಗಿ ಹಿಡಿಯುವುದಿಲ್ಲವೆಂದು ಆ ದಿನ ರಾಳದ ಡಬ್ಬಿ ತೆರೆಯುತ್ತಿರಲಿಲ್ಲ. ರೆಕ್ಕೆ ಎರಡೂ ಅವರ ಕೈಯಲ್ಲೇ ರೂಪ ತಾಳಿದವು. ಸ್ವಂತ ಕಟ್ಟಿದ ವಿಮಾನವೆಂದರೆ ಹೆಚ್ಚಿನ ಪಾಲು ಕೆಲಸ ಕಟ್ಟಿದವನದೇ ಆಗಿರಬೇಕು, ಸಹಾಯ ಪಡೆದರೆ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ನಾನು ಅವರ ಹೆಸರನ್ನು ಎಲ್ಲೂ ಬರೆಯಲಿಲ್ಲ. ಅವರು ಒತ್ತಿ ಮುಗಿಸಿದ ಪದರದ ಮೇಲೆ ಕೈಗವಸು ತೊಟ್ಟು ರೋಲರ್ ಹಿಡಿದು ನಿಲ್ಲುತ್ತಿದ್ದೆ. ದಾಖಲೆಗೆಂದು ಫೋಟೋ ತೆಗೆಯಲು ಫೋನನ್ನು ಅವರ ಕೈಗೇ ಕೊಡುತ್ತಿದ್ದೆ.

ಮಳೆಗಾಲ ಶುರುವಾಗಿತ್ತು. ಬಲರೆಕ್ಕೆಯ ಬುಡದಲ್ಲಿ ಒಂದು ಮೊಳದಷ್ಟು ಪದರ ಬಾಕಿ ಇತ್ತು. ಬಿಸಿಲು ಬರಲಿ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೇಳಿ ಅವರು ಹೋಗಿದ್ದರು. ವಿಮಾನಯಾನ ಇಲಾಖೆಯ ತಪಾಸಣೆಯ ದಿನ ಹತ್ತಿರವಾಗಿತ್ತು, ನನಗೆ ತಡೆಯಲಾಗಲಿಲ್ಲ. ಹನಿ ಬೀಳುತ್ತಿದ್ದ ಒಂದು ಮಧ್ಯಾಹ್ನ ಒಬ್ಬನೇ ಕೂತು ಹಾಕಿದೆ. ಒಣಗಿದ ಮೇಲೆ ಉಜ್ಜಿ ಬಣ್ಣ ಬಳಿದೆ. ನೋಡಲು ಚೆನ್ನಾಗಿಯೇ ಇತ್ತು.

ತಪಾಸಣೆಗೆ ಬಂದ ಅಧಿಕಾರಿ ಜೇಬಿನಿಂದ ಒಂದು ನಾಣ್ಯ ತೆಗೆದು ರೆಕ್ಕೆಯುದ್ದಕ್ಕೂ ತಟ್ಟುತ್ತ ಹೋದರು. ಪದರ ಕೂತಿದ್ದರೆ ಸದ್ದು ಚುರುಕಾಗಿ ಬರುತ್ತದೆ. ಎಡರೆಕ್ಕೆ ಮುಗಿಸಿ, ಇಷ್ಟು ಅಚ್ಚುಕಟ್ಟಾದ ಕೆಲಸ ಯಾರದು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನದೇ ಎಂದೆ. ದೋಣಿಯವರು ಆಚೆ ಗೋಡೆಯ ಹತ್ತಿರ ನಿಂತಿದ್ದರು. ಅವರಿಗೆ ಇಂಗ್ಲಿಷ್ ಬಾರದು ಎಂದು ಸಮಾಧಾನ ಮಾಡಿಕೊಂಡೆ. ಬಲರೆಕ್ಕೆಯ ಬುಡಕ್ಕೆ ಬಂದಾಗ ಸದ್ದು ಮಂದವಾಯಿತು. ಅಧಿಕಾರಿ ಮತ್ತೆ ಮತ್ತೆ ತಟ್ಟಿ ನನ್ನ ಮುಖ ನೋಡಿದರು.

"ಅದೊಂದು ಭಾಗ ಈ ಸಹಾಯಕ ಹಾಕಿದ್ದು," ಎಂದೆ.

ಅಧಿಕಾರಿ ಅವರ ಕಡೆ ತಿರುಗಿ ತಮಿಳಿನಲ್ಲಿ, ಇದು ನಿನ್ನ ಕೆಲಸವೇ ಎಂದು ಕೇಳಿದರು. ಅವರು ಆ ಜಾಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಆಮಾ ಸಾರ್, ನಾನ್‌ದಾನ್," ಎಂದರು. ಹೌದು, ನಾನೇ.

ಅದನ್ನೆಲ್ಲ ಕತ್ತರಿಸಿ ತೆಗೆದು ಹೊಸದಾಗಿ ಹಾಕಿ, ಇಂಥವರ ಕೈಗೆ ಕೆಲಸ ಕೊಡಬೇಡಿ ಎಂದು ಹೇಳಿ ಅಧಿಕಾರಿ ಹೊರಟರು. ದೋಣಿಯವರು ಕೈ ತೊಳೆದು, ಊಟದ ಡಬ್ಬಿ ಎತ್ತಿಕೊಂಡು ಬಸ್ಸಿಗೆ ನಡೆದರು. ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನು ಹೇಳಿದೆ. ಅವಳು, "ರೀ, ಮೊದಲು ಆಯಪ್ಪನ ಹತ್ರ ಹೋಗಿ ಬನ್ನಿ," ಎಂದಳಷ್ಟೆ. ಹೋಗಲು ನನಗೆ ನಾಲ್ಕು ದಿನ ಬೇಕಾಯಿತು.

ರಾಯಪುರಂನಲ್ಲಿ ಅವರು ಮಗುಚಿ ಹಾಕಿದ ದೋಣಿಯ ತಳ ಉಜ್ಜುತ್ತಿದ್ದರು. ತಪ್ಪಾಯಿತು ಎಂದೆ. ಯಾಕೆ ಒಪ್ಪಿಕೊಂಡಿರಿ ಎಂದೂ ಕೇಳಿದೆ.

"ನಾನು ಇಲ್ಲ ಅಂದಿದ್ರೆ ನೀವಿಬ್ಬರೂ ವಾದಕ್ಕೆ ನಿಲ್ತಿದ್ರಿ," ಎಂದರು ತಮಿಳಿನಲ್ಲಿ, ಕೈ ನಿಲ್ಲಿಸದೆ. "ಹೌದು ಅಂದ್ರೆ ಅದನ್ನ ಕಿತ್ತು ಹಾಕಿ ಅಂತಾರೆ. ಅದು ಕಿತ್ತುಹೋಗಬೇಕಿತ್ತು. ಅದರಲ್ಲಿ ಕೂರೋದು ನೀವಲ್ವಾ."

ಅವರಿಗೆ ನೋವಾಗಿದೆ ಎಂದೇ ಆ ನಾಲ್ಕು ದಿನವೂ ನಾನು ಅಂದುಕೊಂಡಿದ್ದೆ. ಅವರು ನನ್ನ ಜೀವದ ಯೋಚನೆಯಲ್ಲಿದ್ದರು.

ಬಿಸಿಲು ಬಂದ ಮೇಲೆ ಮತ್ತೆ ಬಂದರು. ಆದರೆ ರೋಲರ್ ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತು ನನ್ನ ಕೈಯಲ್ಲೇ ಕತ್ತರಿಸಿ ತೆಗೆಸಿದರು, ನನ್ನ ಕೈಯಲ್ಲೇ ಹಾಕಿಸಿದರು, ಸರಿಯಾಗದ್ದನ್ನು ಮತ್ತೆ ಕೀಳಿಸಿದರು. ಮುಗಿದ ದಿನ ನಾನು ಇಲಾಖೆಗೆ ಕಾಗದ ಬರೆದೆ: ಯಾವುದು ಅವರ ಕೆಲಸ, ಯಾವುದು ನನ್ನದು, ನಾನು ಹೇಳಿದ ಸುಳ್ಳು ಯಾವುದು, ಎಲ್ಲ. ಕಡತವನ್ನು ಮೊದಲಿನಿಂದ ನೋಡಿದರು, ತಿಂಗಳುಗಟ್ಟಲೆ ತಡವಾಯಿತು, ಕೊನೆಗೆ ಹಾರಲು ಅನುಮತಿ ಬಂತು. ವಿಮಾನ ಚೆನ್ನಾಗಿಯೇ ಹಾರುತ್ತದೆ. ದೋಣಿಯವರನ್ನು ಹಾರಲು ಕರೆದೆ, ನನಗೆ ಕಡಲು ಸಾಕು ಸಾರ್ ಎಂದರು.

ಎರಡನೆಯ ತಪಾಸಣೆಗೆ ಬಂದವರು ಬೇರೆ ಅಧಿಕಾರಿ. ಮೊದಲಿನವರಿಗೆ ಉತ್ತರದ ಕಡೆಗೆಲ್ಲೋ ವರ್ಗವಾಗಿತ್ತು. ನನ್ನ ಕಾಗದ ಅವರ ಕಣ್ಣಿಗೆ ಬಿತ್ತೋ ಇಲ್ಲವೋ ತಿಳಿಯದು. ಬಿದ್ದಿರದಿದ್ದರೆ, ಅವರ ನೆನಪಿನಲ್ಲಿ ದೋಣಿಯವರು ಇವತ್ತಿಗೂ ಕೆಲಸ ಕೆಡಿಸಿದ ಮುದುಕ.