ಫೈನಲ್ ಗೆದ್ದೆವೆಂದು ನಂಬಿದ್ದ ಮೇಡಂ

ಮೇಡಂ ಅವರ ಬಲಗೈ ಕಿರುಬೆರಳು ನಡುಗೆಣ್ಣಿನಿಂದ ಹೊರಕ್ಕೆ ತಿರುಗಿಕೊಂಡಿತ್ತು. ಕಾಲೇಜಿನ ದಿನಗಳಲ್ಲಿ ಗವಸು ಇಲ್ಲದೆ ಚೆಂಡು ಹಿಡಿಯಲು ಹೋಗಿ ಮುರಿದುಕೊಂಡಿದ್ದರಂತೆ. ನಾಟಿ ವೈದ್ಯರು ಬಿದಿರ ದಬ್ಬೆ ಕಟ್ಟಿದ್ದು ಓರೆಯಾಗಿಯೇ ಕೂಡಿಕೊಂಡಿತ್ತು. ಮೈದಾನದ ನಡುವೆ ನಿಂತು "ಅತ್ಲಾಗೋಗು" ಎಂದು ಕೈ ಚಾಚಿದರೆ ನಾಲ್ಕು ಬೆರಳು ಒಂದು ದಿಕ್ಕಿಗೆ, ಕಿರುಬೆರಳು ಇನ್ನೊಂದು ದಿಕ್ಕಿಗೆ. "ಯಾವ ಬೆಳ್ಳು ನೋಡ್ಕಂಡ್ ಓಡ್ಬೇಕು ಮೇಡಂ?" ಎಂದು ನಮ್ಮ ತಂಡದ ಆತಗೂರಿನವಳು ಕೇಳಿದಾಗ ನಮಗಿಂತ ಜೋರಾಗಿ ನಕ್ಕವರು ಅವರೇ.

ಅವರು ಮದ್ದೂರಿನ ನಮ್ಮ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್. ಮನೆ ಮಳವಳ್ಳಿ. ದಿನವೂ ಮೊದಲ ಬಸ್ಸಿಗೆ ಬಂದು ಸಂಜೆ ನಮ್ಮನ್ನೆಲ್ಲ ಅವರವರ ಬಸ್ಸು, ರೈಲು ಹತ್ತಿಸಿದ ಮೇಲೆಯೇ ಹೊರಡುತ್ತಿದ್ದರು. ಹೆಸರು ಹಿಡಿದು ಯಾರನ್ನೂ ಕರೆದವರಲ್ಲ, ಊರಿನಿಂದಲೇ ಕರೆಯುವರು. ನಾನು ಯಲಿಯೂರು. ಚೆಂಡು ಎಸೆಯುವವಳು ಆತಗೂರು. ದೂರದಲ್ಲಿ ನಿಂತು ಚೆಂಡು ತಡೆಯುವವಳು ಚಿಕ್ಕರಸಿನಕೆರೆ. ಹೀಗೆ ಅರ್ಧ ತಾಲ್ಲೂಕನ್ನು ಅವರು ಬೇಸ್‌ಬಾಲ್ ಆಡಲು ನಿಲ್ಲಿಸಿದ್ದರು.

ನಾನು ಅವರಿಗೆ ಸಿಕ್ಕಿದ್ದು ಶಾಲೆಯ ಹುಣಸೆ ಮರದ ಕೆಳಗೆ. ಗೆಳತಿ ಮೇಲಿನಿಂದ ಎಸೆಯುತ್ತಿದ್ದ ಕಾಯಿಗಳನ್ನು ಒಂದೂ ನೆಲಕ್ಕೆ ಬೀಳದ ಹಾಗೆ ಹಿಡಿಯುತ್ತಿದ್ದೆ. ಮೇಡಂ ಬಂದದ್ದು ಕಂಡು ಗೆಳತಿ ಮರದಲ್ಲೇ ಅವಿತುಕೊಂಡಳು. ಅವರು ಬಯ್ಯಲಿಲ್ಲ. "ಇನ್ನೊಂದೆಲ್ಡು ಎಸಿಯಮ್ಮಿ ಕೆಳಿಕೆ, ನೋಡ್ತೀನಿ" ಎಂದರು. ಆ ಭಾನುವಾರವೇ ನಮ್ಮ ಮನೆಗೆ ಬಂದರು.

ಅಪ್ಪ ಜಗುಲಿಯಲ್ಲಿ ಕೂತಿದ್ದವನು ಏಳಲೂ ಇಲ್ಲ. "ಎಣ್‌ಮಗ ದೊಣ್ಣೆ ಇಡ್ಕಂಡು ಬೀದೀಲಿ ಓಡಾಡದಾ?" ಎಂದ.

"ದೊಣ್ಣೆ ಇಡ್ಕಳೋರು ಬ್ಯಾರೆ ಅವ್ರೆ ಕಣಣ್ಣ. ನಿನ್ ಮಗ್ಳು ಚೆಂಡು ಇಡ್ಕತಾಳೆ ಅಷ್ಟೆಯ."

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ನಾನು ತಂಡಕ್ಕೆ ಸೇರಿದಂತಾಯಿತು. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವುದು ನನ್ನ ಕೆಲಸ. ನನ್ನ ಮುಂದಿರುವ ಬಿಳಿ ಪಟ್ಟಿಗೆ 'ಮನೆ' ಎಂದು ಹೆಸರು. ಎದುರಾಳಿ ಮೂರು ಬೇಸು ಸುತ್ತಿ ಬಂದು ಮನೆ ಮುಟ್ಟಿದರೆ ಅವರಿಗೊಂದು ರನ್. ಅಷ್ಟರೊಳಗೆ ನಾನು ಚೆಂಡು ಹಿಡಿದ ಗವಸನ್ನು ಅವಳ ಮೈಗೆ ತಾಕಿಸಿದರೆ ಅವಳು ಔಟ್.

ನಮಗೆ ಸರಿಯಾದ ಮೈದಾನವಿರಲಿಲ್ಲ. ಎಳನೀರು ಲಾರಿಗಳು ನಿಲ್ಲುವ ಬಯಲಿನ ಒಂದು ಮೂಲೆ, ತೆಂಗಿನ ನಾರು ತುಂಬಿದ ಸಿಮೆಂಟು ಚೀಲಗಳೇ ಬೇಸು. ಮೊದಲ ಪಂದ್ಯದಲ್ಲಿ ನಮ್ಮದು ಸೊನ್ನೆ, ಅವರದು ಎಣಿಸಲಾಗದಷ್ಟು. ಆತಗೂರಿನವಳೊಬ್ಬಳು ಮಾತ್ರ ಒಂದು ಸಲ ಮೊದಲ ಬೇಸು ಮುಟ್ಟಿದ್ದಳು. ವಾಪಸು ಬರುವಾಗ ಮೇಡಂ ಬಸ್ಸಿನಲ್ಲಿ ಉದ್ದನೆಯ ರಿಜಿಸ್ಟರ್ ತೆಗೆದರು. ಮೇಲೆ 'ನಮ್ಮ ತಂಡದ ಚರಿತ್ರೆ' ಎಂದು ಬರೆದು, ಕೆಳಗೆ ಅಷ್ಟೂ ಅಂಕಿಗಳ ಜೊತೆ ಆ ಒಂದು ಬೇಸಿನ ವಿಷಯವನ್ನೂ ಬರೆದರು.

"ಸೋತುದ್ದ ಯಾಕ್ ಬರೀತೀರ ಮೇಡಂ?" ಎಂದೆ.

"ಆಗದೆ ಇರದ್ದ ಬರೆಯಕಾಯ್ತದಾ? ಆಗಿದ್ದ ಆದಂಗೇ ಬರೀಬೇಕು."

ಇದು ಬರೀ ಬಾಯಿಮಾತಲ್ಲ ಎಂದು ಗೊತ್ತಾದದ್ದು ಮಂಡ್ಯದ ಒಂದು ಪಂದ್ಯದಲ್ಲಿ. ಮನೆಯತ್ತ ಜಾರಿಬಂದ ಹುಡುಗಿಯ ಕಡೆ ನಾನು ಗವಸು ಬೀಸಿದೆ. ಅಂಪೈರು ಔಟ್ ಕೊಟ್ಟರು. ನಾವು ಗೆದ್ದೆವೆಂದು ಕುಣಿಯುತ್ತಿದ್ದಾಗ ಮೇಡಂ ನನ್ನ ಮುಖವನ್ನೇ ನೋಡಿದರು. "ತಾಕ್ತಾ?" ನಾನು ತಲೆ ತಗ್ಗಿಸಿದೆ. ನೇರ ಅಂಪೈರ್ ಬಳಿ ಹೋಗಿ ತೀರ್ಪು ತಿದ್ದಿಸಿದರು. ಅದೇ ರನ್ನಿನಿಂದ ಸೋತೆವು. ಇಡೀ ತಂಡ ಎರಡು ದಿನ ಅವರ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಎಲ್ಲರೂ ಅಭ್ಯಾಸಕ್ಕೆ ಬಂದಿದ್ದೆವು.

ಶಾಲೆ ಮುಗಿದು ಕಾಲೇಜಿಗೆ ಹೋದ ಮೇಲೂ ತಂಡ ಒಡೆಯಲಿಲ್ಲ. ಸೋಲುತ್ತಾ ಸೋಲುತ್ತಾ ಗೆಲ್ಲುವುದು ಬಂತು. ನಾನು ಡಿಗ್ರಿ ಮೊದಲ ವರ್ಷದಲ್ಲಿದ್ದಾಗ ರಾಜ್ಯದ ಫೈನಲ್‌ಗೆ ಬಂದೆವು. ಗೆದ್ದ ತಂಡವನ್ನು ಹಾಗೆಯೇ, ಸಂಬಳ ಕೊಟ್ಟು ಆಡಿಸುವ ಹೊಸದೊಂದು ಲೀಗಿಗೆ ತೆಗೆದುಕೊಳ್ಳುತ್ತಾರೆ ಎಂದು ಹೇಳಿದ್ದರು. ನಮ್ಮಲ್ಲಿ ನಾಲ್ವರ ಮದುವೆ ಮಾತುಕತೆ ಆ ಒಂದು ಪಂದ್ಯದ ಮೇಲೆ ನಿಂತಿತ್ತು. ಆತಗೂರಿನವಳ ಅಪ್ಪನಂತೂ "ಗೆದ್ರೆ ಓಗು, ಸೋತ್ರೆ ಮುಂದ್ಲ ತಿಂಗ್ಳೇ ಲಗ್ನ" ಎಂದುಬಿಟ್ಟಿದ್ದ.

ಕೊನೆಯ ಸರದಿ ಅವರದು. ನಾವು ಎರಡು ರನ್ ಮುಂದೆ. ಇನ್ನೊಬ್ಬಳು ಔಟಾದರೆ ಗೆಲುವು ನಮ್ಮದು. ಅವರ ಹುಡುಗಿ ದೂರಕ್ಕೆ ಹೊಡೆದಳು. ಮೂರನೆಯ ಬೇಸಿನಲ್ಲಿದ್ದವಳು ಓಡಿಬಂದು ಮನೆ ಮುಟ್ಟಿದಳು; ನಮ್ಮ ಮುನ್ನಡೆ ಒಂದೇ ರನ್ನಿಗೆ ಇಳಿಯಿತು. ಅವಳ ಹಿಂದೆಯೇ ಎರಡನೆಯ ಬೇಸಿನವಳೂ, ಅವಳ ಬೆನ್ನಿಗೆ ಮೊದಲ ಬೇಸಿನವಳೂ ಬರುತ್ತಿದ್ದರು. ಚಿಕ್ಕರಸಿನಕೆರೆ ಎಸೆದ ಚೆಂಡು ನೆಲಕ್ಕೆ ತಾಕದೆ ಸೀದಾ ನನ್ನ ಗವಸಿಗೆ ಬಂತು. ಅಂಥ ಎಸೆತವನ್ನು ನಾನು ಮತ್ತೆ ನೋಡಿಲ್ಲ. ಹಿಡಿದೆ. ತಿರುಗಿದೆ. ಎರಡನೆಯ ಬೇಸಿನವಳ ಮೊಣಕಾಲು ಗವಸಿಗೆ ಬಡಿಯಿತು. ಚೆಂಡು ಕೈಬಿಟ್ಟು ಉರುಳಿತು. ಇಬ್ಬರೂ ಮನೆ ಮುಟ್ಟಿದರು.

ಬಸ್ಸಿನಲ್ಲಿ ಯಾರೂ ಅಳಲಿಲ್ಲ. ಮೇಡಂ ಮುಂದಿನ ಸೀಟಿನಲ್ಲಿ ಕೂತು ರಿಜಿಸ್ಟರ್ ತೆಗೆದು ಬರೆದರು. ಇಳಿಯುವಾಗ ನಾನು ಇಣುಕಿ ನೋಡಿದೆ. 'ಸೋತೆವು. ಚೆಂಡು ಯಲಿಯೂರಿನ ಕೈಯಲ್ಲಿತ್ತು. ಬಿತ್ತು.' ಒಂದು ಅಕ್ಷರವೂ ಸುಳ್ಳಲ್ಲ. ಆದರೆ ನನಗೆ ಅದನ್ನು ಸಹಿಸಲಾಗಲಿಲ್ಲ.

ಆಮೇಲೆ ನಾನು ಬಯಲಿನ ಕಡೆ ಕಾಲಿಡಲಿಲ್ಲ. ಆತಗೂರಿನವಳ ಮದುವೆ ಆಯಿತು, ನಾನು ಹೋಗಲಿಲ್ಲ. ತಂಡ ಚೆದುರಿತು. ಮೇಡಂ ಫೋನ್ ಮಾಡುತ್ತಿದ್ದರು. ಮೊದಮೊದಲು ದಿನಾ, ಆಮೇಲೆ ಹಬ್ಬಕ್ಕೊಮ್ಮೆ. ಫೋನು ಬಡಿದುಕೊಳ್ಳುತ್ತಿದ್ದರೆ ಅದನ್ನು ಮಗುಚಿಹಾಕಿ ಸುಮ್ಮನೆ ಕೂರುತ್ತಿದ್ದೆ. ಮಂಡ್ಯದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿದ್ದನ್ನೂ ಹೇಳಲಿಲ್ಲ. ಹೀಗೆ ಆರು ವರ್ಷ.

ಕೊನೆಗೆ ಒಂದು ದಿನ ಆತಗೂರಿನವಳು ಕಚೇರಿಗೇ ಬಂದಳು, ಕಂಕುಳಲ್ಲಿ ಮಗು. "ಮೇಡಮ್ಮೋರ್ಗೆ ಗ್ಯಾಪಕ ಓಯ್ತಾ ಅದೆ ಕಣೆ. ಕೆಲ್ಸ ಬುಟ್ಟವ್ರೆ. ನಿನ್ನೇ ಕೇಳ್ತಾವ್ರೆ. ಬತ್ತೀಯೋ ಇಲ್ವೋ?"

ಮಳವಳ್ಳಿಯಲ್ಲಿ ಮೇಡಂ ತಮ್ಮ ತಂಗಿಯ ಜೊತೆ ಇದ್ದರು. ಬಾಗಿಲಲ್ಲಿ ನನ್ನನ್ನು ಕಂಡವರೇ, "ಬಾರಮ್ಮಿ ಯಲಿಯೂರು, ರೈಲು ಲೇಟಾ?" ಎಂದರು. ನಿನ್ನೆಯಷ್ಟೇ ಬಿಟ್ಟುಹೋದವಳನ್ನು ಕೇಳಿದ ಹಾಗೆ. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ. "ಆರು ವರ್ಷ ಫೋನ್ ಎತ್ತಲಿಲ್ಲ ಮೇಡಂ, ತಪ್ಪಾಯ್ತು" ಎಂದೆ.

"ಯಾವ್ ಆರ್ ವರ್ಸ?" ಎಂದರು. ಅವರ ಮಟ್ಟಿಗೆ ಅಂಥ ವರ್ಷಗಳೇ ಇರಲಿಲ್ಲ. ಹೊಂದಿಸಿಕೊಂಡು ಬಂದ ಮಾತು ನನ್ನಲ್ಲೇ ಉಳಿಯಿತು.

ಆಮೇಲೆ ಅವರು ಫೈನಲ್ಲಿನ ಮಾತೆತ್ತಿದರು. "ಏನ್ ಎಸೆದ್ಲಮ್ಮಿ ಚಿಕ್ಕರಸಿನ್‌ಕೆರೆ! ನೀನು ಇಡ್ದೆ ನೋಡು, ಆಗ ನಂಗೆ ಜೀವ ಬಂತು. ಗೆದ್ವಲ್ಲಾ!" ಅವರ ಮುಖ ಹೊಳೆಯುತ್ತಿತ್ತು. ಹೌದೆನ್ನಲು ನಾಲಿಗೆ ಬರಲಿಲ್ಲ. ಸುಳ್ಳು ಹೇಳಕೂಡದೆಂದು ಕಲಿಸಿದವರೇ ಅವರು. "ಇಲ್ಲ ಮೇಡಂ, ಬಿದ್ದೋಯ್ತು. ಸೋತ್ವು" ಎಂದೆ.

ಆ ಮುಖ ಕುಸಿದದ್ದನ್ನು ಹೇಗೆ ಹೇಳಲಿ? ಅಂದು ಬಸ್ಸಿನಲ್ಲಿ ಅಳದಿದ್ದವರು ಈಗ ಸೆರಗು ಬಾಯಿಗಿಟ್ಟುಕೊಂಡು ಅತ್ತರು. "ಉಡ್ಗೀರು ಏನಾದ್ರು? ಆತಗೂರ್ ಉಡ್ಗೀಗೆ ಲಗ್ನ ಮಾಡ್ಬುಟ್ರಾ?" ಎಂದು ಕೇಳಿ ಕೇಳಿ ಅತ್ತರು. ಮುಂದಿನ ಭಾನುವಾರ ಎಲ್ಲ ಮರೆತಿದ್ದರು. ಮತ್ತೆ ಅದೇ ಹೊಳೆಯುವ ಮುಖ, ಅದೇ ಪ್ರಶ್ನೆ. ಬುದ್ಧಿಯಿಲ್ಲದೆ ಮತ್ತೆ ನಿಜ ಹೇಳಿದೆ. ಮತ್ತೆ ಅತ್ತರು. ಸೋಲಿನ ಸುದ್ದಿಯನ್ನು ಅಂದೇ ಮೊದಲು ಕೇಳಿದವರಂತೆ. ತಂಗಿ ನನ್ನನ್ನು ಅಡುಗೆಮನೆಗೆ ಕರೆದು, "ಇನ್ನೆಷ್ಟ್ ಸಲ ಸೋಲುಸ್ತೀಯವ್ವ ನಮ್ಮಕ್ಕನ್ನ?" ಎಂದರು.

ಮೂರನೆಯ ಭಾನುವಾರ ನಾನು ಹೇಳಿದೆ, "ಹೂಂ ಮೇಡಂ, ಗೆದ್ವು."

ಆಮೇಲೆ ಪ್ರತಿ ಭಾನುವಾರವೂ ಗೆದ್ದೆವು. ಹೇಳಿದಷ್ಟೂ ಕಥೆ ಬೆಳೆಯಿತು. ಆತಗೂರಿನವಳು ಲೀಗ್ ಆಡಲು ದೂರದ ಊರಿಗೆ ಹೋದಳು, ಚಿಕ್ಕರಸಿನಕೆರೆಗೆ ಕಪ್ಪು ಹಿಡಿಯಲು ಕೊಟ್ಟರು, ನಮ್ಮನ್ನೆಲ್ಲ ಟೆಂಪೋದಲ್ಲಿ ನಿಲ್ಲಿಸಿ ಮದ್ದೂರಿನ ಬೀದಿಯಲ್ಲಿ ಕರೆದೊಯ್ದರು. ಮೇಡಂ ಮಂಡಿ ತಬ್ಬಿಕೊಂಡು ಕೇಳುವರು. ನಾನು ಬಸ್ಸು ಹತ್ತಿದ ಮೇಲೆ ಅಳುತ್ತಿದ್ದೆ.

ಒಂದು ಮಧ್ಯಾಹ್ನ ಅನ್ನ ಕಲೆಸಿ ಕೊಟ್ಟಿದ್ದೆ. ಎರಡು ತುತ್ತು ತಿಂದು ತಟ್ಟೆ ಪಕ್ಕಕ್ಕಿಟ್ಟರು. ನನ್ನನ್ನೇ ನೋಡಿದರು. ಅದು ಅವರ ಹಳೆಯ ನೋಟ, ಮಂಡ್ಯದ ಪಂದ್ಯದಲ್ಲಿ ನೋಡಿದ್ದ ನೋಟ.

"ಬಿದ್ದೋಯ್ತು ಅಲ್ವಾಮ್ಮಿ ಚೆಂಡು?"

ಅಂದಿನಂತೆಯೇ ತಲೆ ತಗ್ಗಿಸಿದೆ.

"ಅವತ್ತು ಬಸ್ಸಲ್ಲಿ ನಿನ್ ಪಕ್ಕ ಬಂದು ಕೂತ್ಕಬೇಕಾಗಿತ್ತು ಕಣವ್ವ ನಾನು. ಬರೆಯಕ್ ಕೂತ್ಕಬುಟ್ಟೆ."

ಆರು ವರ್ಷ ನಾನು ಕಾದಿದ್ದ ಮಾತು ಇದೇ ಎಂದು ಕೇಳಿದಾಗಲೇ ಗೊತ್ತಾದದ್ದು. ನಾನು ಹೇಳಬೇಕಾದದ್ದೂ ಇತ್ತು. ಮೊದಲು ಮುಖ ತೊಳೆದು ಬರೋಣವೆಂದು ಬಚ್ಚಲಿಗೆ ಹೋದೆ. ಎರಡು ಚೊಂಬು ನೀರಿನ ಹೊತ್ತು, ಅಷ್ಟೇ. ಬಂದು ಅವರ ಕಾಲ ಬಳಿ ಕೂತು, "ಮೇಡಂ, ನಾನು ಫೋನ್ ಎತ್ತಲಿಲ್ಲ" ಎಂದು ಶುರು ಮಾಡಿದೆ.

ಅವರು ಮರ್ಯಾದೆಯಿಂದ ನಕ್ಕರು. "ಯಾರವ್ವ ನೀನು? ಯಾವೂರು?"

ಅದಾದ ಮೇಲೆ ಅವರು ನನ್ನನ್ನು ಗುರುತಿಸಲಿಲ್ಲ. ಎರಡು ತಿಂಗಳಿಗೆ ಜ್ವರ ಬಂದು ಎದೆ ಕಟ್ಟಿಕೊಂಡು ಹೋಗಿಬಿಟ್ಟರು.

ಮಳವಳ್ಳಿಯ ಹೊರಗೆ, ತಂಗಿಯ ಗದ್ದೆಯ ಬದುವಿನ ಆಚೆ ಮಣ್ಣು ಮಾಡಿದರು. ತಂಡದವರು ಒಂಬತ್ತು ಜನ ಬಂದಿದ್ದೆವು. ಒಬ್ಬೊಬ್ಬರೇ ಮೂರು ಮೂರು ಹಿಡಿ ಮಣ್ಣು ಹಾಕಿದೆವು. ನನ್ನ ಸರದಿ ಬಂದಾಗ ಬಗ್ಗಿ, ಅವತ್ತು ಅರ್ಧಕ್ಕೆ ನಿಂತುಹೋದ ಮಾತನ್ನು ಹೇಳಿ ಮುಗಿಸಿದೆ.

ಹಿಂದೆ ನಿಂತಿದ್ದ ಆತಗೂರಿನವಳು, "ಏನಂದೆ?" ಎಂದಳು.

"ಏನಿಲ್ಲ" ಎಂದೆ. ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟೆ.