ಎರಡನೇ ಬೋರು

ಕಲ್ಯಾಣದುರ್ಗದ ನೇಕಾರರ ಮನೆಯ ಭಾರ್ಗವಿ ಹಿಂದೂಪುರದ ಖಾಸಗಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ಬಿಎಸ್ಸಿಗೆ ಸೇರುವವರೇ ಇಲ್ಲವಾದಾಗ ಅವಳನ್ನು ಬಿಎ, ಬಿಕಾಂನವರ ವಿಜ್ಞಾನ ತಿಳಿವಳಿಕೆ ಕೋರ್ಸಿಗೆ ತಳ್ಳಿದರು. ಕಾಟಾಚಾರಕ್ಕೆ ಪಾಠ ಮಾಡಿ ಸಂಬಳ ಎಣಿಸಿಕೊಂಡಿದ್ದರೆ ಆಗುತ್ತಿತ್ತು. ಅವಳಿಗೆಲ್ಲಿಯ ಸಮಾಧಾನ? ಸೂತ್ರ ಮರೆತರೂ ಪರವಾಗಿಲ್ಲ, ಯಾರೇ ಏನೇ ಹೇಳಲಿ ಅದನ್ನು ಪರೀಕ್ಷಿಸಿ ನೋಡುವ ಬುದ್ಧಿ ಬರಲಿ ಎಂದು ಗಂಟಲು ಹರಿದುಕೊಂಡಳು. ಒಬ್ಬನಾದರೂ ಕಲಿತರೆ ಸಾಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಕೋರ್ಸಿನಿಂದ ಏನಾದರೂ ಆಗಿದೆಯೇ ಎಂದು ಅಳೆಯಲು ಈ ವರ್ಷ ವಿಶ್ವವಿದ್ಯಾಲಯದ ಕಮಿಟಿ ಬಂತು. ಮುಖ್ಯಸ್ಥರು ಶಂಕರಯ್ಯ, ನಿವೃತ್ತ ರಸಾಯನಶಾಸ್ತ್ರ ಪ್ರೊಫೆಸರು. ಬಿಎ ಓದುವ ತಿಪ್ಪೇಶನನ್ನು ಎಬ್ಬಿಸಿ, ಅಂಗೈ ಮೇಲೆ ಮಲಗಿಸಿದ ತೆಂಗಿನಕಾಯಿ ಎದ್ದು ನಿಂತಲ್ಲಿ ನೆಲದಡಿ ನೀರಿದೆ ಅನ್ನುವವರನ್ನು ಹೇಗೆ ಪರೀಕ್ಷಿಸುತ್ತೀಯ ಎಂದು ಕೇಳಿದರು.

"ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಜಾಗದಾಗೆ ಇನ್ನೊಂದ್ಸಲ ನಡೆಸ್ತೀನಿ ಸಾರ್. ಕಾಯಿ ಬೇರೆ ಕಡೆ ನಿಂತ್ರೆ ಎಲ್ಲಾ ಬುರುಡೆ."

ಕಮಿಟಿ ಚಪ್ಪಾಳೆ ತಟ್ಟಿತು. ಭಾರ್ಗವಿಯ ಕಣ್ಣು ತುಂಬಿ ಬಂತು.

ಊಟಕ್ಕೆಂದು ಕಮಿಟಿಯವರ ಜೊತೆ ಹೊರಬಂದರೆ, ಪ್ರಿನ್ಸಿಪಾಲ್ ಚಲಪತಿ ಮೈದಾನದಲ್ಲಿ ಬರಿಗಾಲಲ್ಲಿ ನಿಂತಿದ್ದಾರೆ. ಹಾಸ್ಟೆಲಿಗೆ ಬೋರು ಕೊರೆಸಲು ಕಂಬದೂರಿನಿಂದ ನೀರು ನೋಡುವ ಓಬಳಪ್ಪನನ್ನು ಕರೆಸಿದ್ದರು. ಓಬಳಪ್ಪನ ಅಂಗೈಯಲ್ಲಿ ಕಾಯಿ. ಪಕ್ಕದಲ್ಲಿ ಕುಂಕುಮದ ತಟ್ಟೆ ಹಿಡಿದವನು ಯಾರು? ಅದೇ ತಿಪ್ಪೇಶ! ಬೇವಿನ ಮರದ ಬಳಿ ಕಾಯಿ ನಿಂತಿತು. ಶಂಕರಯ್ಯನವರು ಚಪ್ಪಲಿ ಬಿಟ್ಟು ಕೈಮುಗಿದರು. "ನಮ್ ಗೋರಂಟ್ಲ ಸೈಟಿಗೂ ಒಂದ್ಸಲ ಬಂದ್ಬುಡಿ ಸಾಮಿ."

ಥೂ! ಭಾರ್ಗವಿ ನೇರ ತಿಪ್ಪೇಶನ ಎದುರು ಹೋಗಿ ನಿಂತಳು.

"ಈಗ್ತಾನೆ ಒಳಗೆ ಏನ್ಲಾ ಬೊಗಳ್ದೆ?"

"ಅದು ಮಾರ್ಕ್ಸಿಗೆ ಮೇಡಂ," ಅಂದ ತಿಪ್ಪೇಶ, ಒಂದಿಷ್ಟೂ ನಾಚದೆ. "ನೀರು ಬೇಕಂದ್ರೆ ನೋಡಿಸ್ಬೇಕಲ್ವಾ?"

ಭಾರ್ಗವಿಗೆ ತಡೆಯಲಾಗಲಿಲ್ಲ. ಓಬಳಪ್ಪನ ಹೆಗಲ ಟವೆಲನ್ನೇ ಎಳೆದು ಅವನ ಕಣ್ಣಿಗೆ ಕಟ್ಟಿದಳು. ಗಿರಗಿರನೆ ತಿರುಗಿಸಿ, "ಈಗ ನಡಿಯಪ್ಪ" ಅಂದಳು. ಓಬಳಪ್ಪ ತಡವರಿಸುತ್ತ ನಡೆದ. ಕಾಯಿ ಮರದ ಬಳಿ ಅಲುಗಲೂ ಇಲ್ಲ. ಅಷ್ಟು ದೂರದ ಸೈಕಲ್ ಸ್ಟ್ಯಾಂಡಿನ ಪಕ್ಕ ಹೋಗಿ ಎದ್ದು ನಿಂತಿತು.

"ನೋಡಿದ್ರಾ?" ಅವಳು ಎಲ್ಲರತ್ತ ತಿರುಗಿದಳು. "ಎಲ್ಲಾರೂ ಕಣ್ಣಾರೆ ನೋಡಿದ್ರಾ?"

ಚಲಪತಿಯ ಮುಖ ಅರಳಿತು. "ಅಯ್ಯೋ, ಇಲ್ಲೂ ಐತಲ್ಲಪ್ಪ ನೀರು! ಎರಡು ಬೋರು ಹಾಕಿಸ್ಬುಡಾನ."

ಶಂಕರಯ್ಯನವರು ಭೇಷ್ ಅಂದರು. ಪಾಠ ಇಷ್ಟು ಚೆನ್ನಾಗಿ ಬಳಕೆಗೆ ಬಂದದ್ದನ್ನು ತಾವು ಇನ್ನೆಲ್ಲೂ ಕಂಡಿಲ್ಲವೆಂದು ಕೋರ್ಸಿಗೆ ಪೂರ್ತಿ ಅಂಕ ಕೊಟ್ಟರು. ತಿಪ್ಪೇಶ ಕುಂಕುಮದ ತಟ್ಟೆಯನ್ನು ಭಕ್ತಿಯಿಂದ ಭಾರ್ಗವಿಯ ಮುಂದೆ ಹಿಡಿದ.

"ಎರಡನೇ ಬೋರಿನ ಪೂಜೆ ನೀವೇ ಮಾಡ್ಬೇಕು ಮೇಡಂ. ನಿಮ್ ಪಾಠದಿಂದಾನೇ ಸಿಕ್ಕಿದ್ದು."