ಪಾವು ದಾಟಿದ ಬೆಳಿಗ್ಗೆ

ಖಾಸಗಿ ಪೈಲಟ್ ಲೈಸೆನ್ಸಿನ ಹಾರಾಟ ಪರೀಕ್ಷೆಗೆ ನಾನು ಎರಡನೆಯ ಸಲ ಹೊರಟ ಬೆಳಿಗ್ಗೆ, ಅಪ್ಪ ನಮ್ಮೂರು ಸಿರುಮುಗೈಯಿಂದ ಫೋನ್ ಮಾಡಿ ಕೇಳಿದ್ದು ಒಂದೇ ಮಾತು.

"ಕಣ್ಣು, ಇದೇ ಕಡೇದು ತಾನೆ?"

ಅವರಿಗೆ ನಾನು ಈ ವಯಸ್ಸಿಗೂ 'ಕಣ್ಣು'. ಕಡೆಯದು ಎಂದು ಮಾತು ಕೊಟ್ಟವಳು ನಾನೇ. ಮೊದಲ ಸಲ, ಸರಿಯಾಗಿ ಇಳಿಯುವ ಹೊತ್ತಿಗೆ ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿದ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳಿತ್ತು. ನಾನು ರನ್‌ವೇ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸಿ ಫೇಲಾಗಿದ್ದೆ. ಆ ಸುದ್ದಿ ಕೇಳಿ ಮನೆಯಲ್ಲಿ ಖುಷಿಪಟ್ಟವರು ಅಪ್ಪ ಒಬ್ಬರೇ. ಅವರು ರೇಷ್ಮೆ ಸೀರೆ ನೇಯುವವರು. ಎಪ್ಪತ್ತು ದಾಟಿದರೂ ಬೆಳಿಗ್ಗೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುವುದು. ನಾನು ಹಾರುವ ದಿನ ಮಾತ್ರ ಅವರು ಮಗ್ಗ ಮುಟ್ಟುತ್ತಿರಲಿಲ್ಲ. ಜಗಲಿಯಲ್ಲಿ ಫೋನ್ ಹಿಡಿದು ಕೂತಿರುತ್ತಿದ್ದರು. "ನೀ ಮ್ಯಾಲೆ ಇರ್ವಾಗ ನಂಗೆ ಕೈ ಓಡಲ್ಲ ಕಣ್ಣು" ಎನ್ನುತ್ತಿದ್ದರು. ಅದಕ್ಕೇ, ಈ ಸಲವೂ ಆಗದಿದ್ದರೆ ವಿಮಾನದ ಹೆಸರೇ ಎತ್ತುವುದಿಲ್ಲ ಎಂದು ಅವರ ಕೈ ಹಿಡಿದು ಹೇಳಿದ್ದೆ.

ನನಗೆ ಈ ಹುಚ್ಚು ಹತ್ತಿಸಿದವರು ನನ್ನ ಗಂಡ. ಗಾಂಧಿಪುರದಲ್ಲಿ ನಮ್ಮದು ಸೀರೆ ಅಂಗಡಿ. ಸೀರೆ ಅಂಗಡಿಯವನ ಹೆಂಡತಿಗೆ ಹುಟ್ಟುಹಬ್ಬಕ್ಕೆ ಇನ್ನೊಂದು ಸೀರೆ ಕೊಟ್ಟರೆ ಏನು ಚಂದ ಎಂದು, ಹಾರಾಟ ಕಲಿಸುವ ಶಾಲೆಯೊಂದರ ಪುಟ್ಟ ವಿಮಾನದಲ್ಲಿ ಒಂದು ಸುತ್ತು ಹಾಕಿಸಿದರು. ಇಳಿದು ಬಂದವಳು ಮತ್ತೆ ನೆಲದವಳಾಗಲಿಲ್ಲ. ನಲವತ್ತರ ಹತ್ತಿರದಲ್ಲಿ ಪುಸ್ತಕ ಹಿಡಿದೆ, ಗಾಳಿ ಮೋಡಗಳ ಪಾಠ ಓದಿದೆ. "ಒಂದು ಸೀರೆಯಲ್ಲಿ ಮುಗಿಯುತ್ತಿತ್ತು" ಎಂದು ಅವರು ಈಗಲೂ ಗೊಣಗುತ್ತಾರೆ. ಮಾಡಿದ್ದುಣ್ಣೋ ಮಹರಾಯ!

ಪರೀಕ್ಷಕರು ತಲೆ ಪೂರ್ತಿ ನರೆತ, ಮಾತು ಕಡಿಮೆಯ ಮನುಷ್ಯ. ಪಕ್ಕದ ಸೀಟಿನಲ್ಲಿ ಬೆಲ್ಟ್ ಕಟ್ಟಿಕೊಂಡು, "ಹೊರಡಿ ಮೇಡಂ" ಎಂದರು. ಅಷ್ಟೇ. ಅವರು ಹುಬ್ಬೇರಿಸಿದರೂ ಏನು ತಪ್ಪಾಯಿತೋ ಎಂದು ಹುಡುಕುತ್ತಿದ್ದೆ. ಆದರೆ ಚಕ್ರಗಳು ನೆಲ ಬಿಟ್ಟ ಗಳಿಗೆ ಎಂದಿನಂತೆ ಎಲ್ಲ ಮರೆತೆ. ಎಷ್ಟು ಸಲ ಹಾರಿದರೂ ಆ ಗಳಿಗೆ ನನಗೆ ಹಳತಾಗಿಲ್ಲ. ಗಡಗಡ ಎನ್ನುತ್ತಿದ್ದದ್ದು ಒಮ್ಮೆಲೇ ನುಣ್ಣಗಾಗುತ್ತದೆ. ಗಿರಣಿ, ಗೋದಾಮು, ಬಸ್ಸು, ನಮ್ಮ ಅಂಗಡಿಯ ಬೀದಿ, ಎಲ್ಲ ಸದ್ದಿಲ್ಲದೆ ಕೆಳಗಿಳಿಯುತ್ತವೆ. ತೆಂಕಣಕ್ಕೆ ಪೊಳ್ಳಾಚಿಯ ತೆಂಗು ಹಸಿರು ಕಂಬಳಿ ಹಾಸಿದಂತೆ ಕಾಣುತ್ತಿತ್ತು. ಮೂಡಣಕ್ಕೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಎದುರಿಗೆ ನೀಲಗಿರಿ ನಿಂತಿತ್ತು. ಇಷ್ಟು ದೊಡ್ಡದರ ನಡುವೆ ನನ್ನನ್ನು ಇರಗೊಟ್ಟಿದ್ದಾರಲ್ಲ ಎಂದು ಮೈ ಜುಮ್ಮೆಂದಿತು.

ಕಡಿದಾದ ತಿರುವುಗಳು ಮುಗಿದವು. ವೇಗ ಕಳೆದುಕೊಂಡು ಕುಸಿಯುವ ವಿಮಾನವನ್ನು ಹಿಡಿದೆತ್ತಿ ತೋರಿಸಿದೆ. ಅನ್ನೂರು ದಾಟಿ ಭವಾನಿ ನದಿಯ ಕಡೆಗೆ ಹೋಗುತ್ತಿದ್ದೆವು. ಆಗ ಪರೀಕ್ಷಕರು ಮಾತೇ ಇಲ್ಲದೆ ಕೈ ಚಾಚಿ ಎಂಜಿನ್ನಿನ ಶಕ್ತಿಯನ್ನು ಪೂರ್ತಿ ಇಳಿಸಿಬಿಟ್ಟರು.

"ಎಂಜಿನ್ ಕೆಟ್ಟಿತು. ಎಲ್ಲಿ ಇಳಿಸುತ್ತೀರಿ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಿಜಕ್ಕೂ ಇಳಿಸಬೇಕಾಗಿಲ್ಲ, ಒಂದು ಹೊಲ ಆರಿಸಿ, ಅದರತ್ತ ತೇಲುತ್ತ ಬಂದು, ಖಂಡಿತ ತಲುಪುತ್ತೇವೆ ಎಂದಾದ ಮೇಲೆ ಎಂಜಿನ್ ಏರಿಸಿ ಹೊರಟುಹೋಗಬೇಕು. ಪೈರು ಕೊಯ್ದು ಬಿಟ್ಟ ಉದ್ದನೆಯ ಹೊಲವೊಂದು ಕಂಡಿತು. ಅದನ್ನೇ ತೋರಿಸಿದೆ. ತಲೆಯಾಡಿಸಿದರು. ಗಾಳಿ ನೋಡಿ ತಿರುಗಿಸಿ ನೇರ ಮಾಡಿಕೊಂಡೆ. ಎಲ್ಲ ಅಂದುಕೊಂಡಂತೆಯೇ ಆಗುತ್ತಿತ್ತು.

ಹೊಲಕ್ಕೆ ಸ್ವಲ್ಪ ಮೊದಲು, ನನ್ನ ದಾರಿಗೆ ಅಡ್ಡವಾಗಿ, ನೆಲದ ಮೇಲೆ ಒಂದು ಕೆಂಪು ಗೆರೆ ಕಂಡಿತು. ಅದರ ಎರಡೂ ಬದಿಗೆ ಸಾಲಾಗಿ ಜನ.

ಪಾವು!

ನಮ್ಮ ಮನೆಮಾತಿನಲ್ಲಿ ಪಾವು ಎಂದರೆ ಹಾಸುನೂಲು. ಮಗ್ಗಕ್ಕೇರಿಸುವ ಮೊದಲು ಸೀರೆಯ ಉದ್ದದ ಎಳೆಗಳನ್ನೆಲ್ಲ ಬಯಲಲ್ಲಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಿಸಿಲೇರುವುದರೊಳಗೆ ನೆರೆಹೊರೆಯವರೆಲ್ಲ ಬಂದು, ಆ ಕಡೆ ಈ ಕಡೆ ನಿಂತು, ಸಿಕ್ಕು ಬಿಡಿಸಿ ಹರಿದ ಎಳೆ ಕೂಡಿಸುತ್ತಾರೆ. ಹಾಗೆ ಕಟ್ಟಿದ ಪಾವು ನಮಗೆ ತಾಯಿಯಿದ್ದಂತೆ, ಅದನ್ನು ದಾಟಬಾರದು. ಆಚೆ ಹೋಗಬೇಕೆಂದರೆ ಅದರ ತುದಿಯವರೆಗೆ ನಡೆದು ಸುತ್ತಿಕೊಂಡೇ ಹೋಗಬೇಕು, ಎಂಥ ಅವಸರವಿದ್ದರೂ ಸರಿ. ದಾಟಲು ಕಾಲೆತ್ತಿದ ಮಕ್ಕಳ ಮೊಣಕಾಲಿಗೆ ನಮ್ಮ ಅಜ್ಜಿ ಕೊಡುತ್ತಿದ್ದ ಏಟು ಬೀದಿಗೇ ಕೇಳಿಸುತ್ತಿತ್ತು.

ನಾನು ಯೋಚಿಸಲೇ ಇಲ್ಲ. ಕೈ ತಾನಾಗಿ ತಿರುಗಿತು. ಅಷ್ಟು ಎತ್ತರದಲ್ಲಿ, ಎಂಜಿನ್ ಕೆಟ್ಟ ವಿಮಾನದಲ್ಲಿ, ಪಾವಿನ ತುದಿಯವರೆಗೆ ಹೋಗಿ ಸುತ್ತು ಹಾಕಿಕೊಂಡು ಬಂದೆ! ಸುತ್ತಿ ಮುಗಿಸಿ ನೋಡಿದರೆ ಎತ್ತರವೆಲ್ಲ ಕರಗಿಹೋಗಿತ್ತು. ಹೊಲ ದೂರವೇ ಉಳಿದು, ಮೂಗಿನ ನೇರಕ್ಕೆ ಮುಳ್ಳುಬೇಲಿ ಬಂದಿತ್ತು.

"ಏರಿಸಿ" ಎಂದರು ಪರೀಕ್ಷಕರು. ಎಂಜಿನ್ ಏರಿಸಿ ಮೇಲೆ ಬಂದೆ.

"ಚೆನ್ನಾಗಿ ಬರುತ್ತಿದ್ದಿರಿ. ಯಾಕೆ ತಿರುಗಿಸಿದಿರಿ?"

ಸುಳ್ಳು ಹೇಳಬಹುದಿತ್ತು. ಹಕ್ಕಿ ಬಂತು ಎನ್ನಬಹುದಿತ್ತು. ಆದರೆ ಬಾಯಿಗೆ ಬಂದದ್ದು ನಿಜವೇ. "ಕೆಳಗೆ ಪಾವು ಕಟ್ಟಿದ್ದರು ಸರ್. ನಮ್ಮಲ್ಲಿ ಅದನ್ನು ದಾಟುವುದಿಲ್ಲ."

ಅವರು ನನ್ನನ್ನೇ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ. "ಪಕ್ಕದಲ್ಲಿ ನಿಮ್ಮ ಮಗು ಕೂತಿದ್ದರೆ? ಎಂಜಿನ್ ನಿಜವಾಗಿ ಕೆಟ್ಟಿದ್ದರೆ?"

ಮುಗಿಯಿತು, ಅಪ್ಪ ಗೆದ್ದರು ಎಂದುಕೊಂಡೆ. ಕಣ್ಣು ತುಂಬಿಬಂತು.

"ಇನ್ನೊಮ್ಮೆ ಮಾಡಿ" ಎಂದರು. "ಅದೇ ಹೊಲ. ಅದೇ ದಾರಿ."

ಮತ್ತೆ ಎಂಜಿನ್ ಇಳಿಯಿತು. ಗಾಳಿಯ ಸುಯ್ಯೆನ್ನುವ ಸದ್ದೊಂದೇ ಉಳಿಯಿತು. ಕೆಂಪು ಗೆರೆ ದೊಡ್ಡದಾಗುತ್ತ ಬಂತು. ಕಾಲುಗಳೆರಡೂ ಮುಂದೆ ಹೋಗಲಾರೆವು ಎನ್ನುತ್ತಿದ್ದವು. ತಪ್ಪಾಯಿತು ತಾಯಿ ಎಂದು ಮನಸ್ಸಿನಲ್ಲೇ ಕೈಮುಗಿದು, ಮೂಗನ್ನು ನೇರವಾಗಿ ಹಿಡಿದೆ.

ನಮಗಿಂತ ಮೊದಲು ನಮ್ಮ ನೆರಳು ಪಾವನ್ನು ದಾಟಿತು. ಆಮೇಲೆ ನಾವು.

ಆ ಒಂದು ಕ್ಷಣ ಕೆಳಗೆ ನೋಡಿದೆ. ಹುಟ್ಟಿದಾಗಿನಿಂದ ಪಾವು ನೋಡಿದವಳು ನಾನು. ಆದರೆ ನೋಡಿದ್ದು ಎಳೆ ಎಳೆಯಾಗಿ, ಪಕ್ಕದಲ್ಲಿ ನಿಂತು, ಗಂಟು ಹುಡುಕುತ್ತ. ಇಡಿಯಾಗಿ ಒಮ್ಮೆಯೂ ನೋಡಿರಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಎಂಥ ನೇರ! ಸುತ್ತಲಿನ ಬದು, ಬೇಲಿ, ಕಾಲುದಾರಿ, ಹಳ್ಳ ಎಲ್ಲವೂ ಸೊಟ್ಟ. ಕಣ್ಣಳತೆಯಲ್ಲೇ ಕಟ್ಟಿದ ಅದೊಂದೇ ನೇರವಾಗಿ, ಬಿಸಿಲಿಗೆ ಹೊಳೆಯುತ್ತ ಮಲಗಿತ್ತು. ಜನ ತಲೆಯೆತ್ತಿ ನೋಡಿದರು. ಒಬ್ಬರೂ ಕೈಯಲ್ಲಿದ್ದ ಎಳೆ ಬಿಡಲಿಲ್ಲ. ಯಾರೋ ಒಬ್ಬ ಹೆಂಗಸು ಮಾತ್ರ ಒಂದು ಕೈಯೆತ್ತಿ ಬೀಸಿದಳು. ಬೈದಳೋ ಹರಸಿದಳೋ ತಿಳಿಯದು. ನನ್ನ ಜನರ ಕೆಲಸ ಇಷ್ಟು ಸುಂದರವಾಗಿದೆ ಎಂದು ತಿಳಿಯಲು ನಾನು ಆಕಾಶಕ್ಕೆ ಬರಬೇಕಾಯಿತು. ಅಳು ಬಂತು, ಭಯವೂ ಆಯಿತು. ದಾಟಿದ ಸಂಗತಿಯನ್ನು ಅಪ್ಪನಿಗೆ ಇವತ್ತಿನವರೆಗೂ ಹೇಳಿಲ್ಲ.

ಹೊಲ ಸಲೀಸಾಗಿ ಕೈಗೆ ಬಂತು. "ಸರಿ, ಏರಿಸಿ" ಎಂದರು. ಮೇಲೇರಿದ ಮೇಲೆ ಅವರು ಕೈಕಟ್ಟಿಕೊಂಡು ಒರಗಿ ಕೂತು, ಕಿಟಕಿಯಾಚೆ ನೋಡತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: "ನಿಮ್ಮ ಊರು ಯಾವುದು, ತೋರಿಸಿ."

ನದಿಯ ತಿರುವಿನಲ್ಲಿ ಸಿರುಮುಗೈ ಕಾಣಿಸುತ್ತಿತ್ತು. ಬೆರಳು ತೋರಿಸಿದೆ. ಚಿಕ್ಕವರ ಹಾಗೆ ಕತ್ತು ಚಾಚಿ ನೋಡಿದರು. ನನ್ನ ಕೈಗಳ ಕಡೆ ಮತ್ತೆ ತಿರುಗಲೇ ಇಲ್ಲ. ಇನ್ನೊಬ್ಬರ ಜೀವ ನಿಶ್ಚಿಂತೆಯಿಂದ ನನ್ನ ಪಕ್ಕದಲ್ಲಿ ಕೂತಿದೆ ಎಂದು ಆಗ ಹೊಳೆಯಿತು. ಹಿಂತಿರುಗಿ ರನ್‌ವೇಗೆ ಇಳಿಯುವಾಗ ಗಾಳಿಯೂ ನನ್ನ ಪಾಲಿಗೆ ಒಳ್ಳೆಯದಾಗಿತ್ತು. ಚಕ್ರಗಳು ನೆಲ ಮುಟ್ಟಿದ್ದು ನನಗೇ ಸರಿಯಾಗಿ ತಿಳಿಯಲಿಲ್ಲ. ಎಂಜಿನ್ ನಿಂತ ಮೇಲೆ ಅವರು ಕೈ ಕುಲುಕಿ, "ಪಾಸಾಗಿದ್ದೀರಿ. ಮುಂದೆ ಯಾವ ಗೆರೆ ಕಂಡರೂ ಸುತ್ತಬೇಡಿ" ಎಂದು ಇಳಿದುಹೋದರು.

ವಿಮಾನದ ರೆಕ್ಕೆಯ ನೆರಳಲ್ಲಿ ನಿಂತು ಫೋನ್ ಮಾಡಿದೆ. ಅಪ್ಪ ತಕ್ಷಣ ಎತ್ತಿದರು.

"ಇಳಿದ್ಯಾ ಕಣ್ಣು?"

"ಇಳಿದೆ ಅಪ್ಪಾ. ಪಾಸಾದೆ."

ಲೈನ್ ಕಟ್ಟಾಯಿತೇನೋ ಎಂದು ಫೋನ್ ನೋಡಿಕೊಂಡೆ.

"ಅಂಗಂದ್ರೆ ಇನ್ನು ಯಾವಾಗ್ಲೂ ನಾ ಬಯಪಡ್ತಾನೇ ಇರ್ಬೇಕಾ?"

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು ರೆಕ್ಕೆಗೆ ಒರಗಿದೆ.

"ಸರಿ ಬುಡು" ಎಂದರು ಅಪ್ಪ. "ನೀ ಮ್ಯಾಲೆ ಆರು. ನಾ ಬಯಪಡ್ತೀನಿ."